ಕಾಯಿಲೆಯವರ ಮನೆಗೆ ಹಬ್ಬದ ಬಾಗಿನ

ಭಾದ್ರಪದ ಶುದ್ಧ ತದಿಗೆಯ ಗೌರಿ ಹಬ್ಬ ಹತ್ತಿರವಾದಂತೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತವರುಮನೆಗಳಿಂದ ಹೆಣ್ಣುಮಕ್ಕಳ ಮನೆಗೆ ಬಾಗಿನ ಹೊರಡುತ್ತದೆ. ಜೋಡಿ ಮೊರದೊಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲದಚ್ಚು, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಬಟ್ಟೆ. ಎಲ್ಲಕ್ಕೂ ಮೇಲೆ ತೋಟದ ತೆಂಗಿನಕಾಯಿ. ಬಾಗಿನದಲ್ಲಿ ಅಲಂಕಾರಕ್ಕೆಂದೇ ಇಟ್ಟ ವಸ್ತು ಕಡಿಮೆ. ಉಣ್ಣುವುದು, ಉಡುವುದು, ತೊಡುವುದು ಎಲ್ಲವೂ ಮರುದಿನವೇ ಬಳಕೆಗೆ ಬರುವಂಥದ್ದು. ಆದರೆ ಅದೇ ಮೊರ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿರುವ ಅಕ್ಕನ ಮನೆಗೋ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ತಂಗಿಯ ಮನೆಗೋ ಹೋದಾಗ ಒಳಗಿರುವುದರಲ್ಲಿ ಕೆಲವನ್ನು ಅವರು ತಿನ್ನುವಂತಿರುವುದಿಲ್ಲ, ಕೆಲವನ್ನು ತೊಡುವಂತಿರುವುದಿಲ್ಲ. ಹಾಗೆಂದು ಬಾಗಿನ ನಿಲ್ಲಿಸಿದರೆ ಅದು ಇನ್ನೂ ದೊಡ್ಡ ನೋವು. ಮೊರದೊಳಗೆ ಏನಿರಬೇಕು ಎಂಬುದನ್ನು ಮಾತ್ರ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

ಕಾಯಿಲೆಯವರನ್ನು ನೋಡಲು ಹೋಗುವ ನಮ್ಮ ರೂಢಿ ರೂಪುಗೊಂಡದ್ದು ಜ್ವರ, ಭೇದಿ, ಬಾಣಂತನದ ಕಾಲಕ್ಕೆ. ಎರಡು ವಾರದ ವಿಷಮಶೀತ ಜ್ವರದಲ್ಲಿ ಬಾಯಿ ಕೆಟ್ಟವರಿಗೆ ಎಳನೀರು, ಬ್ರೆಡ್, ಮೂಸಂಬಿ ಸರಿಯಾದ ಉಡುಗೊರೆಯೇ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ವೈಫಲ್ಯ, ಹೃದ್ರೋಗ, ಸಂಧಿವಾತ, ಗೂರಲು, ಲಕ್ವ ಹೊಡೆದ ಮೇಲಿನ ದೌರ್ಬಲ್ಯ ಇವುಗಳ ಸ್ವಭಾವ ಬೇರೆ. ಇವು ಬಂದು ಹೋಗುವ ಕಾಯಿಲೆಗಳಲ್ಲ, ಮನೆಯಲ್ಲಿ ನೆಲೆನಿಂತವು. ಹತ್ತು, ಇಪ್ಪತ್ತು ಹಬ್ಬಗಳನ್ನು ಅವುಗಳ ಜೊತೆಯಲ್ಲೇ ಮಾಡಬೇಕು. ‘ಬೇಗ ಹುಷಾರಾಗಿ’ ಎಂಬ ಹಾರೈಕೆಯೂ ಹುಷಾರಾಗಲೆಂದು ಕೊಡುವ ಉಡುಗೊರೆಯೂ ಇಲ್ಲಿ ಗುರಿ ತಪ್ಪುತ್ತವೆ. ಅವರಿಗೆ ಬೇಕಾದದ್ದು ಇವತ್ತಿನ ದಿನವನ್ನು ತುಸು ಹಗುರ ಮಾಡುವ ವಸ್ತು, ಇಲ್ಲವೇ ತುಸು ಸಂತೋಷ ಕೊಡುವ ವಸ್ತು.

ದೀರ್ಘ ಕಾಯಿಲೆಯವರ ದಿನ ಹೇಗಿರುತ್ತದೆ ಎಂಬುದನ್ನು ತೋಟದ ಉದಾಹರಣೆಯಿಂದಲೇ ತಿಳಿಯಬಹುದು. ಕೊಳವೆಬಾವಿಗೆ ದಿನದಲ್ಲಿ ಕೆಲವೇ ಗಂಟೆ ತ್ರೀಫೇಸ್ ಕರೆಂಟು ಬರುತ್ತದೆ. ಅಷ್ಟರೊಳಗೆ ಯಾವ ಸಾಲಿಗೆ ನೀರು ಬಿಡಬೇಕು, ಯಾವುದನ್ನು ನಾಳೆಗೆ ಬಿಡಬೇಕು ಎಂದು ರೈತ ಮೊದಲೇ ಲೆಕ್ಕ ಹಾಕುತ್ತಾನೆ. ಕಾಯಿಲೆಯವರ ಶಕ್ತಿಯೂ ಹಾಗೆಯೇ. ಬೆಳಗ್ಗೆ ಸ್ನಾನಕ್ಕೆ ಖರ್ಚಾದರೆ ಅಡುಗೆಗೆ ಇಲ್ಲ. ಬಂದ ನೆಂಟರನ್ನು ಮಾತನಾಡಿಸಲು ಖರ್ಚಾದರೆ ಸಂಜೆ ಎದ್ದು ಕೂರಲೂ ಇಲ್ಲ. ಲೂಪಸ್ ಎಂಬ ಕಾಯಿಲೆಯಿದ್ದ ಅಮೆರಿಕದ ಕ್ರಿಸ್ಟಿನ್ ಮಿಸೆರಾಂಡಿನೊ ಎಂಬ ಮಹಿಳೆ 2003ರಲ್ಲಿ ಬರೆದ ಒಂದು ಬರಹದಲ್ಲಿ ಇದೇ ಮಾತನ್ನು ಚಮಚಗಳ ಲೆಕ್ಕದಲ್ಲಿ ಹೇಳಿದ್ದರು: ದಿನಕ್ಕೆ ಇಂತಿಷ್ಟೇ ಚಮಚ, ಒಂದೊಂದು ಕೆಲಸಕ್ಕೂ ಒಂದೊಂದು ಕೈಬಿಡಬೇಕು. ಆ ಹೋಲಿಕೆ ಜಗತ್ತಿನಾದ್ಯಂತ ರೋಗಿಗಳ ಮಾತಿನಲ್ಲಿ ಬೆರೆತುಹೋಗಿದೆ. ಉಡುಗೊರೆಯನ್ನು ಅಳೆಯಲೂ ಇದೇ ಅಳತೆಗೋಲು ಸಾಕು. ತಂದ ವಸ್ತು ಆ ಮನೆಯ ಕೆಲಸವನ್ನು ಕಡಿಮೆ ಮಾಡುತ್ತದೆಯೋ, ಹೆಚ್ಚು ಮಾಡುತ್ತದೆಯೋ?

ಈ ಸೀಮೆಯಲ್ಲಿ ಮೊದಲು ವಿಚಾರಿಸಬೇಕಾದದ್ದು ಎಳನೀರು. ಯಾರಿಗೆ ಮೈ ಸರಿಯಿಲ್ಲ ಎಂದು ಕೇಳಿದರೂ ತೋಟದಿಂದ ನಾಲ್ಕು ಎಳನೀರು ಇಳಿಸಿ ಸೈಕಲ್ಲಿಗೋ ಬೈಕಿಗೋ ಕಟ್ಟಿಕೊಂಡು ಹೊರಡುವುದು ಇಲ್ಲಿನವರ ಸಹಜ ಪ್ರೀತಿ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ: 100 ಮಿಲಿಲೀಟರಿಗೆ ಸುಮಾರು 200ರಿಂದ 250 ಮಿಲಿಗ್ರಾಂ. 300 ಮಿಲಿಲೀಟರ್ ನೀರಿರುವ ಒಂದು ಬುರುಡೆ ಕುಡಿದರೆ 600ರಿಂದ 750 ಮಿಲಿಗ್ರಾಂ ಒಳಗೆ ಹೋಗುತ್ತದೆ. ಆರೋಗ್ಯವಂತರ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಏರುಪೇರು ಮಾಡುತ್ತದೆ; ಮಿತಿಮೀರಿದರೆ ಹೃದಯವನ್ನೇ ನಿಲ್ಲಿಸಬಲ್ಲದು. ಡಯಾಲಿಸಿಸ್‌ನಲ್ಲಿರುವವರಿಗೆ ದಿನಕ್ಕೆ 2,000 ಮಿಲಿಗ್ರಾಂ ಆಸುಪಾಸಿನಲ್ಲಿ ಪೊಟ್ಯಾಸಿಯಂ ಮಿತಿ ಹಾಕುವುದು ಸಾಮಾನ್ಯ. ಕುಡಿಯುವ ನೀರಿಗೂ ಲೆಕ್ಕವಿರುತ್ತದೆ. ಮೂತ್ರ ಕಡಿಮೆಯಾದವರಿಗೆ ನೀರು, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನಷ್ಟು ಮಾತ್ರ ಎಂದು ವೈದ್ಯರು ಹೇಳಿರುವುದುಂಟು. ಪ್ರೀತಿಯಿಂದ ಕೊಚ್ಚಿಕೊಟ್ಟ ಒಂದು ಎಳನೀರು ಆ ಲೆಕ್ಕದ ಮೂರನೆಯ ಒಂದು ಪಾಲನ್ನು ಒಂದೇ ಗುಟುಕಿಗೆ ತಿಂದುಹಾಕುತ್ತದೆ.

‘ಕಿಡ್ನಿಗೆ ಎಳನೀರು ಒಳ್ಳೇದು’ ಎಂಬ ಮಾತು ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಬಂದಿರುವುದು ಮೂತ್ರಪಿಂಡದಲ್ಲಿ ಕಲ್ಲಾದವರ ಅನುಭವದಿಂದ. ಕಲ್ಲಿನ ತೊಂದರೆಯವರು ಚೆನ್ನಾಗಿ ನೀರು ಕುಡಿಯಬೇಕು, ಅವರಿಗೆ ಎಳನೀರು ಸಲ್ಲುತ್ತದೆ. ಮೂತ್ರಪಿಂಡವೇ ಕೆಲಸ ನಿಲ್ಲಿಸಿದವರಿಗೆ ಅದೇ ಎಳನೀರು ಅಪಾಯ. ಹೆಸರು ಒಂದೇ ಆದ್ದರಿಂದ ಊರಿನ ಮಾತಿನಲ್ಲಿ ಎರಡೂ ‘ಕಿಡ್ನಿ ಪ್ರಾಬ್ಲಮ್’ ಆಗಿ ಕಲಸಿಹೋಗಿವೆ. ಈ ಗೊಂದಲವೊಂದನ್ನು ಬಿಡಿಸಿಕೊಂಡರೆ ಎಷ್ಟೋ ಅನಾಹುತ ತಪ್ಪುತ್ತದೆ. ಎಲ್ಲ ಮೂತ್ರಪಿಂಡದ ರೋಗಿಗಳಿಗೂ ಒಂದೇ ಪಥ್ಯವೂ ಅಲ್ಲ. ಕಾಯಿಲೆಯ ಆರಂಭದಲ್ಲಿರುವವರಿಗೆ, ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಸರಿಯಿರುವವರಿಗೆ ಇಷ್ಟು ಬಿಗಿ ಇರುವುದಿಲ್ಲ. ಆದ್ದರಿಂದ ಎಳನೀರು ಕೊಚ್ಚುವ ಮೊದಲು ಅವರ ಮನೆಯವರನ್ನು ಒಂದು ಮಾತು ಕೇಳಬೇಕು.

ಹಣ್ಣಿನ ಬುಟ್ಟಿಗೂ ಇದೇ ಎಚ್ಚರ. ಬಾಳೆಹಣ್ಣು, ಮೂಸಂಬಿ, ಖರ್ಜೂರ, ಒಣದ್ರಾಕ್ಷಿ ಇವೆಲ್ಲ ಪೊಟ್ಯಾಸಿಯಂ ಹೆಚ್ಚಿರುವ ಪದಾರ್ಥಗಳು. ರಂಜಾನಿನಲ್ಲಿ ಹಂಚುವ ಖರ್ಜೂರದ ಡಬ್ಬಿ, ಸುರಕುಂಬದ ಒಣಹಣ್ಣು ಎರಡಕ್ಕೂ ಇದು ಅನ್ವಯಿಸುತ್ತದೆ. ಡಯಾಲಿಸಿಸ್‌ನವರಿಗೆ ಸೇಬು, ಅನಾನಸ್ಸಿನ ಒಂದೆರಡು ಹೋಳು ಸಾಮಾನ್ಯವಾಗಿ ಒಪ್ಪುತ್ತವೆ. ಧಾರೆಹುಳಿ, ಅಂದರೆ ಕಮರಾಕ್ಷಿಯನ್ನು ಮಾತ್ರ ಮೂತ್ರಪಿಂಡದ ರೋಗಿಯ ಮನೆಗೆ ಒಯ್ಯಲೇಬಾರದು. ಅದರಲ್ಲಿರುವ ವಿಷಾಂಶ ಮಿದುಳಿಗೆ ಏರಿ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಸಾವಿನವರೆಗೆ ಒಯ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗಣೇಶನ ಹಬ್ಬದ ಫಲಾವಳಿಗೆ ಕಟ್ಟುವ ಚಕ್ಕೋತವೂ ಕಿಡ್ನಿ ಕಸಿ ಮಾಡಿಸಿಕೊಂಡವರ ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡುತ್ತದೆ. ಅದನ್ನು ದೇವರ ಮಂಟಪದಲ್ಲೇ ಬಿಡುವುದು ಮೇಲು. ಆರೋಗ್ಯದ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪು ಇನ್ನೊಂದು ಮೋಸದ ಉಡುಗೊರೆ. ಸೋಡಿಯಂ ಕಡಿಮೆ ಮಾಡಲು ಅದರಲ್ಲಿ ಬೆರೆಸುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. ಬಿಪಿಯವರಿಗೆ ಒಳ್ಳೆಯದೆಂದು ತಂದದ್ದು ಮೂತ್ರಪಿಂಡ ಕೆಟ್ಟವರಿಗೆ ಕೆಡುಕಾಗುತ್ತದೆ.

ಇನ್ನು ಕೊಬ್ಬರಿ. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ‘ಗಡಗಡ’ ಎನ್ನುವಾಗ ಸುಲಿದು ಒಡೆದು ತೆಗೆಯುವ ಉಂಡೆ ಕೊಬ್ಬರಿ ತಿಪಟೂರಿನ ಹೆಮ್ಮೆ. ಇಲ್ಲಿನ ಎಪಿಎಂಸಿ ಹರಾಜಿನ ದರ ಏರಿದರೆ ಮೂರೂ ತಾಲೂಕಿನ ಮನೆಗಳಲ್ಲಿ ಮದುವೆ ನಿಶ್ಚಯವಾಗುತ್ತದೆ, ಇಳಿದರೆ ಮುಂದಕ್ಕೆ ಹೋಗುತ್ತದೆ. ದೂರದ ನೆಂಟರಿಗೆ ಎರಡು ಕಿಲೋ ಕೊಬ್ಬರಿ ಕೊಡುವುದೆಂದರೆ ವರ್ಷದ ದುಡಿಮೆಯ ಒಂದು ತುಂಡನ್ನೇ ಕೊಟ್ಟಂತೆ. ಆದರೆ ಕೊಬ್ಬರಿಯ ತೂಕದಲ್ಲಿ ಶೇಕಡಾ 60ಕ್ಕೂ ಹೆಚ್ಚು ಕೊಬ್ಬು. ಆ ಕೊಬ್ಬಿನಲ್ಲಿ ಬಹುಪಾಲು ಕೆಟ್ಟ ಕೊಲೆಸ್ಟರಾಲನ್ನು ಏರಿಸುವ ಪರ್ಯಾಪ್ತ ಬಗೆಯದು. ಸ್ಟೆಂಟ್ ಹಾಕಿಸಿಕೊಂಡವರ ಮನೆಗೆ ಅದನ್ನು ಮೂಟೆಯಲ್ಲಿ ತರುವುದು ಸರಿಯಲ್ಲ. ಒಗ್ಗರಣೆಗೆ, ಚಟ್ನಿಪುಡಿಗೆ ಆಗುವಷ್ಟು ತಂದರೆ ತಪ್ಪಿಲ್ಲ. ಊರಿನ ಕೊಬ್ಬರಿಯ ರುಚಿಯನ್ನೇ ಅವರಿಂದ ಕಿತ್ತುಕೊಳ್ಳುವುದೂ ಒಂದು ಬಗೆಯ ಕ್ರೌರ್ಯ.

ತಿನ್ನಲಾಗದ ತೆಂಗು ಬೇರೆ ದಾರಿಯಲ್ಲಿ ಉಡುಗೊರೆಯಾಗಿ ಬರಬಹುದು. ಗಾಣದಲ್ಲಿ ಆಡಿಸಿದ ಕೊಬ್ಬರಿ ಎಣ್ಣೆ ಚರ್ಮಕ್ಕೆ ಒಳ್ಳೆಯದು. ಮೂತ್ರಪಿಂಡ ಸೋತವರನ್ನು ಹಗಲಿರುಳು ಕಾಡುವುದು ಒಣ ಚರ್ಮ ಮತ್ತು ಬಿಡದ ನವೆ. ಸುವಾಸನೆ ಬೆರೆಸದ ಕೊಬ್ಬರಿ ಎಣ್ಣೆ ಸ್ನಾನದ ನಂತರ ಹಚ್ಚಿಕೊಂಡರೆ ಚರ್ಮದ ಬಿರುಸು ಇಳಿಯುತ್ತದೆ. ಸಕ್ಕರೆ ಕಾಯಿಲೆಯವರು ಬಿರುಕು ಬಿಟ್ಟ ಹಿಮ್ಮಡಿಗೂ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಹಚ್ಚಬಾರದು. ಅಲ್ಲಿ ತೇವ ನಿಂತರೆ ಹುಣ್ಣಾಗುತ್ತದೆ. ತವರಿನ ಕಾಯಿಯಿಂದಲೇ ಆಡಿಸಿದ ಒಂದು ಸೀಸೆ ಎಣ್ಣೆ ಬಾಗಿನದ ಮೊರದಲ್ಲಿದ್ದರೆ ತೆಂಗಿನಕಾಯಿಯ ಪ್ರೀತಿಯೂ ಉಳಿಯಿತು, ಪಥ್ಯವೂ ಉಳಿಯಿತು.

ಸಂಕ್ರಾಂತಿಯ ಎಳ್ಳು-ಬೆಲ್ಲದ ಕಷ್ಟ ಬೇರೆ. ಅದರ ಐದು ಪದಾರ್ಥಗಳಲ್ಲಿ ಬೆಲ್ಲ ಸಕ್ಕರೆ ಕಾಯಿಲೆಗೆ ಆಗದು. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿಯಲ್ಲಿ ರಂಜಕ, ಪೊಟ್ಯಾಸಿಯಂ ಹೆಚ್ಚು. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ನಂಬಿಕೆಯಿಂದ ಧಾರಾಳವಾಗಿ ಕೊಡುವವರಿದ್ದಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಅದು ಸಕ್ಕರೆಯಂತೆಯೇ ಏರುತ್ತದೆ. ತೆಂಗಿನ ನೀರಾದಿಂದ ಮಾಡಿದ ಸಕ್ಕರೆಯ ಕಥೆಯೂ ಇದೇ. ಹಾಗೆಂದು ಎಳ್ಳು ಬೀರಲು ಹೊರಟವರು ಕಾಯಿಲೆಯವರ ಮನೆಯ ಬಾಗಿಲು ದಾಟಿ ಮುಂದೆ ಹೋಗಬಾರದು. ಎಳ್ಳು-ಬೆಲ್ಲ ಇರುವುದು ಮಾತಿಗಾಗಿ; ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೂ ಶಾಸ್ತ್ರ ಮುಗಿಯುತ್ತದೆ. ಮಕ್ಕಳಿಗೆಂದು ಪೊಟ್ಟಣ ಕೊಟ್ಟು, ಅವರಿಗೆಂದು ಒಂದು ಮೊಳ ಹೂವು, ಕುಂಕುಮ ಕೊಡಬಹುದು. ಲಕ್ವ ಹೊಡೆದು ನುಂಗುವುದು ಕಷ್ಟವಾದವರ ಕೈಗೆ ಮಾತ್ರ ಒಣ ಎಳ್ಳು, ಕೊಬ್ಬರಿ ಚೂರು ಕೊಡಬಾರದು. ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ, ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಡಬ್ಬಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರೋಗ್ಯವಂತರಿಗೇ. ಹೃದಯ ದುರ್ಬಲವಾದವರಿಗೆ ಹಬ್ಬದ ಮರುದಿನ ಕಾಲು ಊದಿ ಉಸಿರು ಕಟ್ಟಿಸಲು ಆ ಡಬ್ಬಿಗಳು ಸಾಕು. ತಾಂಬೂಲದ ಬಗ್ಗೆಯೂ ಒಂದು ಮಾತು. ಅಡಿಕೆ ಬೆಳೆಯುವ ನಾಡಿನಲ್ಲಿ ಎಲೆ ಅಡಿಕೆ ಕೊಡದೆ ಯಾವ ಉಡುಗೊರೆಯೂ ಪೂರ್ತಿಯಾಗದು. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿದೆ. ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರ ಮುಂದೆ ಮಡಚಿದ ಎಲೆ ಹಿಡಿಯುವ ಬದಲು ಎರಡು ವೀಳ್ಯದೆಲೆಯ ಮೇಲೆ ಒಂದು ಹೂವಿಟ್ಟು ಕೊಟ್ಟರೆ ಗೌರವಕ್ಕೆ ಕುಂದಿಲ್ಲ.

ಬಾಗಿನದ ಬಳೆಗೆ ಬರೋಣ. ಡಯಾಲಿಸಿಸ್‌ಗೆಂದು ಕೈಯ ಧಮನಿ ಮತ್ತು ಅಭಿಧಮನಿಯನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿ ಮಾಡುವ ದಾರಿಗೆ ಫಿಸ್ಟುಲಾ ಎನ್ನುತ್ತಾರೆ. ಮಣಿಕಟ್ಟಿನ ಮೇಲೋ ಮೊಣಕೈ ಒಳಮಡಿಕೆಯಲ್ಲೋ ಬೆರಳಿಟ್ಟರೆ ಅಲ್ಲಿ ರಕ್ತ ಜುಮ್ಮೆನ್ನುತ್ತಾ ಹರಿಯುವುದು ತಿಳಿಯುತ್ತದೆ. ರೋಗಿಯ ಜೀವ ನಿಂತಿರುವುದು ಆ ಹರಿವಿನ ಮೇಲೆ. ಆ ಕೈಯಲ್ಲಿ ಬಿಪಿ ನೋಡಿಸಬಾರದು, ಭಾರ ಎತ್ತಬಾರದು, ಬಿಗಿಯಾದ ಬಳೆ, ಕೈಗಡಿಯಾರ ತೊಡಬಾರದು. ಒತ್ತಡ ಬಿದ್ದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ಗಾಜಿನ ಬಳೆ ಒಡೆದು ಅಲ್ಲಿ ಗಾಯವಾದರೆ ರಕ್ತ ನಿಲ್ಲಿಸುವುದು ಕಷ್ಟ. ಇಷ್ಟು ತಿಳಿದ ಮೇಲೆ ಕೆಲವರು ಬಾಗಿನದಿಂದ ಬಳೆಯನ್ನೇ ತೆಗೆದುಬಿಡುತ್ತಾರೆ. ಬಳೆಯಿಲ್ಲದ ಬಾಗಿನ ಬಿಚ್ಚಿದ ಹೆಣ್ಣುಮಗಳ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಅವರು ನೆನೆಯುವುದಿಲ್ಲ. ಫಿಸ್ಟುಲಾ ಇಲ್ಲದ ಕೈಯ ಅಳತೆ ಕೇಳಿ, ಒಂದು ಸುತ್ತು ದೊಡ್ಡದಾದ ಬಳೆಗಳನ್ನು ಆ ಒಂದು ಕೈಗೇ ತರಬಹುದು. ರವಿಕೆ ಬಟ್ಟೆಯನ್ನು ಬಟ್ಟೆಯಾಗಿ ಕೊಡದೆ, ತೋಳು ಸಡಿಲವಾಗಿ ಮೇಲಕ್ಕೆ ಸರಿಯುವಂತೆ ಹೊಲಿಸಿಯೇ ಕೊಟ್ಟರೆ ಟೈಲರ್ ಅಂಗಡಿಗೆ ಅಲೆಯುವ ಕೆಲಸ ತಪ್ಪುತ್ತದೆ. ಸೂಜಿ ಚುಚ್ಚುವಾಗ ತೋಳು ಸರಿಸಲು ಆಗದ ಬಿಗಿ ರವಿಕೆ ವಾರವಾರವೂ ಕೊಡುವ ಹಿಂಸೆ ಎಂಥದ್ದೆಂದು ಅದನ್ನು ತೊಟ್ಟವರಿಗಷ್ಟೇ ಗೊತ್ತು. ಬಾಗಿನ ಮುತ್ತೈದೆಯರಿಗೆ ಮಾತ್ರ ಎಂಬ ಪದ್ಧತಿಯಿಂದ ಗಂಡನನ್ನು ಕಳೆದುಕೊಂಡ, ಕಾಯಿಲೆಯೂ ಇರುವ ಅತ್ತೆ, ಚಿಕ್ಕಮ್ಮಂದಿರು ಹಬ್ಬದ ದಿನ ಬರಿಗೈಯಲ್ಲಿ ಉಳಿಯುತ್ತಾರೆ. ಅವರಿಗೆಂದು ಒಂದು ಮೆತ್ತನೆಯ ಹತ್ತಿ ಸೀರೆ ಅದೇ ಚೀಲದಲ್ಲಿ ಹೋಗಲಿ.

ಡಯಾಲಿಸಿಸ್ ಒಂದು ಸಲಕ್ಕೆ ಸುಮಾರು 4 ಗಂಟೆ, ವಾರಕ್ಕೆ ಎರಡು ಅಥವಾ ಮೂರು ಸಲ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟಿಸಿದ ಮೇಲೆ ಈ ಸೌಲಭ್ಯ ಜಿಲ್ಲೆ, ತಾಲೂಕು ಆಸ್ಪತ್ರೆಗಳ ಮಟ್ಟಕ್ಕೆ ಇಳಿದು ಬಂದಿದೆ. ಬೆಂಗಳೂರಿನವರೆಗೆ ಹೋಗುವ ಪಾಡು ಅನೇಕರಿಗೆ ತಪ್ಪಿದೆ. ಆ 4 ಗಂಟೆಯೂ ಒಂದು ಕೈ ಅಲ್ಲಾಡಿಸದೆ ಮಲಗಿರಬೇಕು. ರಕ್ತ ಮೈಹೊರಗಿನ ಯಂತ್ರದಲ್ಲಿ ಸುತ್ತಿ ಬರುವುದರಿಂದ ಅನೇಕರಿಗೆ ಚಳಿಯಾಗುತ್ತದೆ. ಹೊದಿಕೆ ಒಳ್ಳೆಯ ಉಡುಗೊರೆ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಬೆಚ್ಚಗಿದ್ದರೂ ನವೆಯಿರುವವರಿಗೆ ಚುಚ್ಚುತ್ತದೆ, ಗೂರಲಿನವರಿಗೆ ಅದರ ಧೂಳು ಆಗುವುದಿಲ್ಲ. ಒಗೆದರೆ ಬೇಗ ಒಣಗುವ ದಪ್ಪ ಹತ್ತಿಯ ಹೊದಿಕೆ ಮೇಲು. ಒಂದೇ ಕೈಯಲ್ಲಿ ಬಳಸಬಹುದಾದ ಫೋನ್ ಸ್ಟ್ಯಾಂಡು, ಇಯರ್‌ಫೋನು, ಮೆಮೊರಿ ಕಾರ್ಡಿನಲ್ಲಿ ಅವರಿಗಿಷ್ಟವಾದ ಹರಿಕಥೆ, ಹಳೆಯ ಸಿನಿಮಾ ಹಾಡು, ಯಕ್ಷಗಾನ, ಭಜನೆ ತುಂಬಿಸಿ ಕೊಟ್ಟರೆ ವರ್ಷಪೂರ್ತಿ ನೆನೆಯುತ್ತಾರೆ. ಕಾಯಿಲೆಗೆ ಸಂಬಂಧವೇ ಇಲ್ಲದ ಈ ಬಗೆಯ ಉಡುಗೊರೆಯ ಬೆಲೆ ದೊಡ್ಡದು. ‘ಇವರು ನನ್ನ ಕಿಡ್ನಿಯನ್ನಲ್ಲ, ನನ್ನನ್ನು ನೆನೆದರು’ ಎಂದು ಅವರಿಗೆ ಅನ್ನಿಸಬೇಕು.

ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಮೀಟರ್ ಕೊಡುವುದು ಈಚಿನ ಪದ್ಧತಿ. ಮೀಟರಿಗೆ ಒಂದೇ ಸಲದ ಖರ್ಚು. ಮುಗಿಯದ ಖರ್ಚು ಸ್ಟ್ರಿಪ್ಪುಗಳದು. ಸ್ಟ್ರಿಪ್ಪು ಮುಗಿದು ಮೂಲೆ ಸೇರಿದ ಮೀಟರುಗಳು ಎಷ್ಟೋ ಮನೆಗಳಲ್ಲಿವೆ. ಅವರ ಬಳಿ ಯಾವ ಕಂಪನಿಯದಿದೆ ಎಂದು ತಿಳಿದು, ಅವಧಿ ನೋಡಿ, ಎರಡು ಡಬ್ಬಿ ಸ್ಟ್ರಿಪ್ಪು ತಂದರೆ ಹೊಸ ಮೀಟರಿಗಿಂತ ಉಪಕಾರ. ಇನ್ಸುಲಿನ್ ಚುಚ್ಚಿಕೊಳ್ಳುವವರು ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಫ್ರಿಜ್ ಇಲ್ಲದ, ಇದ್ದರೂ ಕರೆಂಟು ಸರಿಯಾಗಿರದ ಮನೆಯಲ್ಲಿ ಒದ್ದೆ ಮರಳಿನ ನಡುವೆ ಕೂರಿಸಿದ ಮಣ್ಣಿನ ಕುಡಿಕೆ ಬೇಸಿಗೆಯ ಉರಿಯಿಂದ ಕಾಪಾಡುತ್ತದೆ, ಫ್ರಿಜ್ಜಿನಷ್ಟು ತಂಪು ಕೊಡದಿದ್ದರೂ. ಕುಂಬಾರರಿಂದ ಆಯ್ದು ತಂದ ಅಂಥ ಕುಡಿಕೆ ಯುಗಾದಿಯ ಹೊತ್ತಿಗೆ ಕೊಡಬೇಕಾದ ವಸ್ತು. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಸದಾ ಇರಬೇಕಾದದ್ದು ಸಕ್ಕರೆಯೇ ಎಂಬುದು ಅನೇಕರಿಗೆ ಗೊತ್ತಿಲ್ಲ. ಮಾತ್ರೆ, ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ಕುಸಿದು ಬೆವತು ನಡುಗುವಾಗ ಮೂರು ಟೀ ಚಮಚ ಸಕ್ಕರೆ ಕೂಡಲೇ ಬಾಯಿಗೆ ಬೀಳಬೇಕು. ತೋಟಕ್ಕೆ ಹೋಗುವಾಗ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವಂಥ ಪುಟ್ಟ ಡಬ್ಬಿ ಅದಕ್ಕೆ ಬೇಕು.

ತೋಟದಲ್ಲಿ ಬರಿಗಾಲಲ್ಲಿ ನಡೆಯುವುದು ಇಲ್ಲಿನವರಿಗೆ ಸಹಜ. ನೆಲದ ತುಂಬ ಚಿಪ್ಪಿನ ಚೂರು, ಗರಿಯ ಮೊನೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿದ್ದು ಪಾದದ ಅರಿವು ಸತ್ತವರಿಗೆ ಚುಚ್ಚಿದ್ದು ತಿಳಿಯುವುದೇ ಇಲ್ಲ. ವಾರ ಕಳೆದು ಕೀವಾದಾಗ ಗೊತ್ತಾಗುತ್ತದೆ, ಬೆರಳು ಕಳೆದುಕೊಳ್ಳುವವರೆಗೂ ಹೋಗುತ್ತದೆ. ಮೆತ್ತನೆಯ ಒಳ ಅಟ್ಟೆಯ, ಹಿಂದೆ ಪಟ್ಟಿಯಿರುವ ಚಪ್ಪಲಿ ಅಂಥವರಿಗೆ ಬೆಳ್ಳಿಗಿಂತ ಬೆಲೆಯುಳ್ಳದ್ದು. ಅಂದಾಜಿನ ಅಳತೆಗೆ ತರಬಾರದು. ಬಿಗಿಯಾದರೂ ಅವರಿಗೆ ತಿಳಿಯುವುದಿಲ್ಲವಾದ್ದರಿಂದ, ಕಾಲು ತುಸು ಊದಿರುವ ಸಂಜೆಯ ಹೊತ್ತು ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಆ ಕಾಗದವನ್ನು ಅಂಗಡಿಗೆ ಒಯ್ಯಬೇಕು. ಬಾಗಿನದ ಕನ್ನಡಿಗೂ ಇಲ್ಲೊಂದು ಹೊಸ ಕೆಲಸವಿದೆ: ಬಗ್ಗಲಾಗದವರು ಪಾದದ ಅಡಿ ನೋಡಿಕೊಳ್ಳಲು ಹಿಡಿಯಿರುವ ಅಗಲ ಕನ್ನಡಿ ಬೇಕು. ನೋವಿಗೆಂದು ಕೊಡುವ ಬಿಸಿನೀರಿನ ಚೀಲವನ್ನು ಮಾತ್ರ ಇವರಿಗೆ ಕೊಡಬಾರದು. ಸುಟ್ಟು ಬೊಬ್ಬೆ ಎದ್ದರೂ ಅರಿವಾಗುವುದಿಲ್ಲ.

ಸಂಧಿವಾತದವರ ಕಷ್ಟ ಅಡುಗೆಮನೆಯಲ್ಲಿ ಕಾಣುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬಾರದು, ಆ ಹೊತ್ತಿಗೇ ಕಾಯಿ ಸುಲಿದು, ಒಡೆದು, ಈಳಿಗೆಮಣೆಯ ಮೇಲೆ ಕೂತು ತುರಿಯಬೇಕು. ಅಂಥ ಮನೆಗೆ ಸಿಪ್ಪೆಸಹಿತ ಕಾಯಿಯ ಗೊನೆ ಇಳಿಸಿ ಹೋದರೆ ಕೊಟ್ಟದ್ದು ಕಾಯನ್ನಲ್ಲ, ಕೆಲಸವನ್ನು. ಸುಲಿದ ಕಾಯಿ ಕೊಡಬೇಕು. ಕಟ್ಟೆಗೆ ಬಿಗಿದು ಹಿಡಿ ತಿರುಗಿಸುವ ತುರಿಯುವ ಯಂತ್ರ ಕೊಟ್ಟರೆ ಇನ್ನೂ ಒಳ್ಳೆಯದು. ಹಿಡಿ ದಪ್ಪವಿರುವ ಸೌಟು, ಚಾಕು, ಎರಡೂ ಕಡೆ ಕಿವಿಯಿರುವ ಹಗುರ ಪಾತ್ರೆ, ತಿರುಪಿನ ಮುಚ್ಚಳದ ಬದಲು ಎತ್ತಿ ತೆಗೆಯುವ ಮುಚ್ಚಳದ ಡಬ್ಬಿ ಇವೆಲ್ಲ ಸಣ್ಣ ವಸ್ತುಗಳು, ದಿನಕ್ಕೆ ಹತ್ತು ಸಲ ಕೈಗೆ ಬರುವಂಥವು.

ಗೂರಲಿನವರ ಮನೆಗೆ ಘಾಟು ಊದುಬತ್ತಿ, ಸಾಂಬ್ರಾಣಿ, ಅತ್ತರು, ಸಂಪಿಗೆಯ ಬುಟ್ಟಿ ಬೇಡ. ದೀಪಾವಳಿಯಲ್ಲಿ ಅವರ ಬಾಗಿಲ ಮುಂದೆ ಪಟಾಕಿ ಹೊಡೆಯದಿರುವುದೇ ನೆರೆಯವರು ಕೊಡುವ ಉಡುಗೊರೆ. ಹಾಸಿಗೆ ಹಿಡಿದವರಿಗೆ ನಾರಿನ ಗಟ್ಟಿ ಹಾಸಿಗೆಗಿಂತ ಗಾಳಿ ತುಂಬಿ ಒತ್ತಡ ಬದಲಿಸುವ ಏರ್‌ಬೆಡ್ ಬೆನ್ನುಹುಣ್ಣನ್ನು ತಡೆಯುತ್ತದೆ. ಊರುಗೋಲು, ಗಾಲಿಕುರ್ಚಿ, ಕಮೋಡ್ ಕುರ್ಚಿಯಂಥವನ್ನು ಮಾತ್ರ ಹಬ್ಬದ ದಿನ ನೆಂಟರೆದುರು ಬಿಚ್ಚಬಾರದು. ಅಗತ್ಯವಿದ್ದರೂ ಅದು ಮನಸ್ಸಿಗೆ ಚುಚ್ಚುತ್ತದೆ. ಅವರನ್ನು ಕೇಳಿ, ಬೇರೊಂದು ದಿನ, ಸದ್ದಿಲ್ಲದೆ ತಂದಿಡಬೇಕು.

ಒಂದನೇ ಬಗೆಯ ಮಧುಮೇಹವಿರುವ ಮಗು ಹಬ್ಬದಲ್ಲಿ ಎಲ್ಲರಿಗಿಂತ ಹೆಚ್ಚು ನೋಯುತ್ತದೆ. ಹೋಳಿಗೆ ಹಂಚುವಾಗ ಅದರ ತಟ್ಟೆಯನ್ನು ದಾಟಿ ಹೋಗುವುದು, ಬಚ್ಚಿಟ್ಟು ತಿನ್ನುವುದು ಎರಡೂ ಬೇಡ. ಇನ್ಸುಲಿನ್ ಲೆಕ್ಕ ತಿಳಿದ ತಾಯಿ ಅಳತೆ ನೋಡಿ ಒಂದು ತುಂಡು ಕೊಡಬಲ್ಲಳು. ಚೆಂಡು, ಬಣ್ಣದ ಪೆಟ್ಟಿಗೆ, ಕಥೆಪುಸ್ತಕ ಎಲ್ಲ ಮಕ್ಕಳಿಗೂ ಸಮನಾಗಿ ಕೊಟ್ಟರೆ ತಿಂಡಿಯ ಮಾತೇ ಹಿಂದೆ ಸರಿಯುತ್ತದೆ.

ಔಷಧಿಯನ್ನು ಉಡುಗೊರೆಯಾಗಿ ಕೊಡುವ ಚಟವೊಂದಿದೆ. ಯಾರಿಗೋ ವಾಸಿಯಾಯಿತೆಂದು ತಂದ ಹೆಸರಿಲ್ಲದ ಪುಡಿ, ಲೇಹ್ಯ, ಬೇರು. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಪತ್ತೆಯಾಗಿರುವುದುಂಟು. ಸೋತ ಮೂತ್ರಪಿಂಡ ಅದನ್ನು ತಡೆದುಕೊಳ್ಳಲಾರದು. ತಂದವರ ಮುಖ ನೋಡಿ ಬೇಡವೆನ್ನಲಾಗದೆ ನುಂಗುವವರಿದ್ದಾರೆ. ಕೊಡುವುದಾದರೆ ವೈದ್ಯರ ಚೀಟಿಯಲ್ಲಿರುವ ಮಾತ್ರೆಗಳನ್ನೇ ಮೂರು ತಿಂಗಳಿಗಾಗುವಷ್ಟು ತಂದುಕೊಡಬಹುದು. ಜನೌಷಧಿ ಕೇಂದ್ರಗಳಲ್ಲಿ ಅನೇಕ ಮಾತ್ರೆಗಳ ಬೆಲೆ ಬಹಳ ಕಡಿಮೆ. ಬದಲಿಸಬಹುದೇ ಎಂದು ವೈದ್ಯರನ್ನು ಮೊದಲು ಕೇಳಿರಬೇಕು.

ದುಡ್ಡು ಕೊಡಲು ಸಂಕೋಚಪಡುವವರಿಗೆ ಈ ಸೀಮೆಯಲ್ಲೇ ಒಂದು ಒಳ್ಳೆಯ ದಾರಿಯಿದೆ. ತವರಿನವರು ಹೆಣ್ಣುಮಗಳ ಕೈಗೆ ‘ಅರಿಶಿನ ಕುಂಕುಮಕ್ಕೆ’ ಎಂದು ನೋಟು ಮಡಚಿಡುತ್ತಾರೆ. ಎಷ್ಟೆಂದು ಯಾರೂ ಎಣಿಸುವುದಿಲ್ಲ, ಏನಕ್ಕೆ ಖರ್ಚಾಯಿತೆಂದು ಕೇಳುವುದಿಲ್ಲ. ಕಾಯಿಲೆಯ ಮನೆಗೆ ಸಲ್ಲುವ ಹಣ ಹೀಗಿರಬೇಕು. ಕೊಟ್ಟವರ ಎದುರು ಬಿಲ್ಲು ಹಿಡಿದು ನಿಲ್ಲುವ ಸ್ಥಿತಿ ಬರಬಾರದು. ತೋಟದಲ್ಲಿ ಎರಡು ಮರ ಗುರುತು ಮಾಡಿ, ಆ ಮರಗಳ ಕಾಯಿಯ ದುಡ್ಡು ವರ್ಷವರ್ಷವೂ ಅಕ್ಕನಿಗೆ ಎಂದುಬಿಟ್ಟರೆ ತವರು ಕಾಯಿಲೆಯಷ್ಟೇ ದೀರ್ಘವಾಗಿ ಜೊತೆ ನಿಂತಂತಾಗುತ್ತದೆ.

ಹಣಕ್ಕಿಂತಲೂ ಅಪರೂಪವಾದದ್ದು ಆಳು. ಯಜಮಾನ ಆಸ್ಪತ್ರೆ ಅಲೆಯುವ ಮನೆಯಲ್ಲಿ ಕಾಯಿ ಕೀಳಿಸುವ ಸರದಿ ತಪ್ಪುತ್ತದೆ, ಅಟ್ಟದ ಕೊಬ್ಬರಿ ಸುಲಿಸುವವರಿಲ್ಲದೆ ಇಲಿಯ ಪಾಲಾಗುತ್ತದೆ, ದರ ಇದ್ದಾಗ ಮಾರುಕಟ್ಟೆಗೆ ಹೋಗುವುದಿಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ತೀರಿಸುವ ಮುಯ್ಯಾಳಿನ ಪದ್ಧತಿ ಇಲ್ಲಿ ಹಳೆಯದು. ಹಬ್ಬದ ಹಿಂದುಮುಂದಿನ ಎರಡು ದಿನ ಅಣ್ಣತಮ್ಮಂದಿರು ಹೋಗಿ ಅಟ್ಟ ಇಳಿಸಿ, ಸುಲಿದು, ಒಡೆದು, ಮೂಟೆ ಕಟ್ಟಿ ಮಂಡಿಗೆ ಹಾಕಿಸಿ ಬಂದರೆ ಅದಕ್ಕೆ ಸಮನಾದ ಸೀರೆಯಿಲ್ಲ. ಇದು ಮುಯ್ಯಿಗೆ ಸೇರದ ಆಳು ಎಂದು ಮೊದಲೇ ಬಾಯಿಬಿಟ್ಟು ಹೇಳಬೇಕು. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತೀರಿಸುವ ನಾಡಿನಲ್ಲಿ ಯಾವ ಉಪಕಾರವೂ ಸಾಲವಾಗಿ ತಲೆಯ ಮೇಲೆ ಕೂರುತ್ತದೆ. ತೀರಿಸುವ ತ್ರಾಣವಿಲ್ಲದವರಿಗೆ ಆ ಭಾರ ಕಾಯಿಲೆಗಿಂತ ಹೆಚ್ಚು.

ಹಾಗೆಯೇ ಪ್ರಯಾಣ. ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ಎಂದು ಬೆಂಗಳೂರಿಗೆ ತಪಾಸಣೆಗೆ ಹೋಗುವವರು ನಸುಕಿನಲ್ಲೇ ಎದ್ದು ರೈಲು ಹಿಡಿಯಬೇಕು, ಸಾಲಿನಲ್ಲಿ ನಿಲ್ಲಬೇಕು, ರಾತ್ರಿ ಮರಳಬೇಕು. ಮುಂದಿನ ತಪಾಸಣೆಯ ದಿನ ಕೇಳಿಕೊಂಡು, ‘ಆವತ್ತು ನಾನು ಬರ್ತೀನಿ ಕಣಕ್ಕ, ಭಾವ ಮನೇಲಿರ್ಲಿ’ ಎಂದು ಹಬ್ಬದ ದಿನವೇ ಹೇಳಿಟ್ಟರೆ ಆ ಮಾತೇ ಬಾಗಿನ. ಎಡೆಯೂರಿನ ಜಾತ್ರೆಗೋ ತಿಪಟೂರಿನ ಗಣಪತಿ ನೋಡಲೋ ಹೋಗಲಾಗದೆ ಕೊರಗುವವರನ್ನು ಜನಜಂಗುಳಿ ಇಲ್ಲದ ಬೆಳಗಿನ ಹೊತ್ತು ಕಾರಿನಲ್ಲಿ ಕರೆದೊಯ್ದು ತರಬಹುದು.

ನೋಡಿಕೊಳ್ಳುವವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಾತ್ರೆ ಎಣಿಸುವ ಹೆಂಡತಿ, ಉಪ್ಪಿಲ್ಲದ ಅಡುಗೆ ಬೇರೆ ಮಾಡುವ ಸೊಸೆ, ಓದು ಬಿಟ್ಟು ಆಸ್ಪತ್ರೆಗೆ ಓಡುವ ಮಗ. ಅವರಿಗೂ ಒಂದು ಉಡುಗೊರೆ ಬೇರೆಯಾಗಿ ಬೇಕು, ಅದರ ಮೇಲೆ ಅವರ ಹೆಸರೇ ಇರಬೇಕು. ಒಂದು ಮಧ್ಯಾಹ್ನ ಅವರ ಜಾಗದಲ್ಲಿ ಕೂತು ‘ನೀನು ತವರಿಗೆ ಹೋಗಿ ಬಾ’ ಎಂದು ಕಳಿಸುವುದು ಎಲ್ಲಕ್ಕಿಂತ ದೊಡ್ಡದು.

ಏನು ತರಲಿ ಎಂದು ಕೇಳಿದರೆ ‘ಏನೂ ಬ್ಯಾಡ ಕಣಪ್ಪ, ನೀನು ಬಂದ್ರೆ ಸಾಕು’ ಎಂಬ ಉತ್ತರವೇ ಬರುತ್ತದೆ. ಅದನ್ನು ನಂಬಿ ಬರಿಗೈಯಲ್ಲಿ ಹೋಗುವುದೂ ಬೇಡ, ಕಡೆಗಣಿಸಿ ಎಳನೀರು ಹೊತ್ತೊಯ್ಯುವುದೂ ಬೇಡ. ‘ಸ್ಟ್ರಿಪ್ಪು ತರ್ಲಾ, ಇಲ್ಲಾ ಚಪ್ಪಲಿ ತರ್ಲಾ?’ ಎಂದು ಎರಡರಲ್ಲಿ ಒಂದನ್ನು ಮುಂದಿಟ್ಟರೆ ಉತ್ತರ ಸಿಗುತ್ತದೆ. ನೋಡಿಕೊಳ್ಳುವವರಿಗೆ ಒಂದು ಫೋನು ಮಾಡಿದರೆ ಇನ್ನೂ ಸರಿಯಾದ ಉತ್ತರ ಸಿಗುತ್ತದೆ. ಡಯಾಲಿಸಿಸ್ ಮಾಡಿಸಿಕೊಂಡ ದಿನ ಸಂಜೆ ಹೋಗಬಾರದು. ಅಂದು ಅವರಿಗೆ ಎದ್ದು ಕೂರುವ ತ್ರಾಣವಿರುವುದಿಲ್ಲ. ನಡುವಿನ ದಿನ ಬೆಳಗ್ಗೆ ಹತ್ತರ ನಂತರ ಹೋಗಿ ಅರ್ಧ ಗಂಟೆ ಕೂತು, ಕಾಫಿ ಬೇಡವೆಂದು ಹೇಳಿ, ಕುಡಿಯಲೇಬೇಕಾದರೆ ತಾವೇ ಕಾಸಿಕೊಂಡು, ಲೋಟ ತೊಳೆದಿಟ್ಟು ಬರಬೇಕು. ಅಡುಗೆ ಮಾಡಿ ಒಯ್ಯುವುದಾದರೆ ಉಪ್ಪು ಹಾಕುವ ಮೊದಲೇ ಅವರ ಪಾಲನ್ನು ಬೇರೆ ತೆಗೆದಿಡಬೇಕು. ತಂದ ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬ ರೂಢಿಯಿಂದ ಅವರು ಮತ್ತೆ ಒಲೆ ಹಚ್ಚುವಂತಾಗುತ್ತದೆ. ಅದಕ್ಕೇ ಸ್ಟೀಲ್ ಡಬ್ಬಿ ಬಿಟ್ಟು, ಬಾಳೆಲೆಯಲ್ಲೋ ಅಡಿಕೆ ಹಾಳೆಯ ದೊನ್ನೆಯಲ್ಲೋ ಕಟ್ಟಿ ಒಯ್ದರೆ ಮರಳಿಸಬೇಕಾದ ಪಾತ್ರೆಯೇ ಇರುವುದಿಲ್ಲ.